ಎದುರಾಳಿ ಬೀಳಲು ಒಪ್ಪದಿದ್ದರೆ?

ಶಾಲಾ ವಾರ್ಷಿಕೋತ್ಸವಗಳಲ್ಲಿ ಈಗ ಭರತನಾಟ್ಯ, ಕೋಲಾಟಗಳ ನಡುವೆ ಆತ್ಮರಕ್ಷಣೆಯ ಡೆಮೊಗೂ ಒಂದು ಜಾಗ ಸಿಕ್ಕಿದೆ. ಬಿಳಿ ಉಡುಪಿನ ಹುಡುಗಿ ವೇದಿಕೆಯ ಮೇಲೆ ನಡೆದು ಬರುತ್ತಾಳೆ. ಹಿಂದಿನಿಂದ ಹುಡುಗನೊಬ್ಬ ಬಂದು ಅವಳ ಮಣಿಕಟ್ಟು ಹಿಡಿಯುತ್ತಾನೆ. ಅವಳು ಕೈ ತಿರುಚಿದ ಕೂಡಲೇ ಅವನು ಗಾಳಿಯಲ್ಲಿ ಒಂದು ಸುತ್ತು ಹೊಡೆದು ದೊಪ್ಪನೆ ಬೀಳುತ್ತಾನೆ. ಚಪ್ಪಾಳೆ. ಆಮೇಲೆ ಹೆಂಚು ಒಡೆಯುವುದು, ಮುಖ್ಯ ಅತಿಥಿಗಳ ಮೆಚ್ಚುಗೆಯ ಎರಡು ಮಾತು, ಗ್ರೂಪ್ ಫೋಟೊ. ಹುಡುಗ ಬೀಳುವ ಮನಸ್ಸು ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನ ನುಡಿದಂತಾಗುತ್ತದೆ.

ಸಮರಕಲೆ ಕಲಿಸುವವರು ಮಾತ್ರ ಇದೇ ಪ್ರಶ್ನೆಯ ಮೇಲೆ ದಶಕಗಳಿಂದ ಜಗಳವಾಡುತ್ತಿದ್ದಾರೆ. ಮೈಮರೆಯದ, ಬಗ್ಗದ, ತಿರುಗಿ ಹೊಡೆಯುವ ಎದುರಾಳಿಯ ಮೇಲೆ ಪ್ರಯೋಗಿಸಿ ನೋಡದ ಪಟ್ಟು ಪಟ್ಟೇ ಅಲ್ಲ, ಅದು ಕುಣಿತ ಎನ್ನುತ್ತದೆ ಒಂದು ಪಾಳಯ. ನಿಜವಾದ ಆತ್ಮರಕ್ಷಣೆಯ ಹೊಡೆತಗಳನ್ನು ಗೆಳೆಯನ ಮೇಲೆ ಪರೀಕ್ಷಿಸಲಾಗದು, ಪರೀಕ್ಷಿಸಲು ಹೊರಟರೆ ಅದು ಆಟವಾಗಿಬಿಡುತ್ತದೆ, ಬೀದಿಯಲ್ಲಿ ರೆಫರಿ ಇರುವುದಿಲ್ಲ ಎನ್ನುತ್ತದೆ ಇನ್ನೊಂದು. ಎರಡೂ ಕಡೆ ಅನುಭವಸ್ಥರಿದ್ದಾರೆ, ಎರಡೂ ಕಡೆ ಬೊಗಳೆ ಬಿಡುವವರೂ ಇದ್ದಾರೆ.

ಮೊದಲ ಪಾಳಯದವರ ಕೈಯಲ್ಲಿ ಬಲವಾದ ಸಾಕ್ಷ್ಯವಿದೆ. ಜಪಾನಿನ ಯಾನಾಗಿ ರ್‍ಯೂಕೆನ್ ಎಂಬ ಗುರು ಮುಟ್ಟದೆಯೇ ಶಿಷ್ಯರನ್ನು ಕೆಡವುತ್ತಿದ್ದರು. ಕೈ ಬೀಸಿದರೆ ಸಾಕು, ಸಾಲುಸಾಲಾಗಿ ಬೀಳುತ್ತಿದ್ದರು. 2006ರಲ್ಲಿ ಅವರು ಪಂಥ ಕಟ್ಟಿ ಒಬ್ಬ ವೃತ್ತಿಪರ ಹೋರಾಟಗಾರನೆದುರು ನಿಂತರು. ಕೈ ಬೀಸಿದರು. ಎದುರಿಗಿದ್ದವನಿಗೆ ಏನೂ ಆಗಲಿಲ್ಲ. ಕೆಲವೇ ಕ್ಷಣಗಳಲ್ಲಿ ವೃದ್ಧ ಗುರುಗಳು ಮುಖಕ್ಕೆ ಪೆಟ್ಟು ತಿಂದು ನೆಲದ ಮೇಲಿದ್ದರು. ಈ ಪ್ರಸಂಗವನ್ನು ಹೇಳಿ ನಗುವವರೇ ಹೆಚ್ಚು. ನನಗೆ ಇದರಲ್ಲಿ ನಗುವಿಗಿಂತ ಹೆದರಿಕೆಯ ಅಂಶ ಕಾಣುತ್ತದೆ. ವಂಚಕನಾದವನು ಹಣ ಪಣವಿಟ್ಟು ಅಪರಿಚಿತನ ಮುಷ್ಟಿಗೆ ಮುಖವೊಡ್ಡುವುದಿಲ್ಲ. ಆ ಮನುಷ್ಯ ತನ್ನ ಶಕ್ತಿಯನ್ನು ನಂಬಿದ್ದರು ಎಂದೇ ಕಾಣುತ್ತದೆ. ನಂಬಿಸಿದವರು ವರ್ಷಗಟ್ಟಲೆ ವಿನಯದಿಂದ ಬಿದ್ದ ಶಿಷ್ಯರು. ಗುರುವಿನ ಮೇಲಿನ ಗೌರವ, ಪಕ್ಕದವನು ಬಿದ್ದನಲ್ಲ ಎಂಬ ಮುಜುಗರ, ತಾನೊಬ್ಬನೇ ನಿಂತರೆ ತನ್ನ ಸಾಧನೆ ಸಾಲದೆಂದು ತಿಳಿದಾರು ಎಂಬ ಅಳುಕು ಇವೆಲ್ಲ ಸೇರಿ ಒಂದು ಇಡೀ ಶಾಲೆಯನ್ನು ಸುಳ್ಳಿನ ಮೇಲೆ ನಿಲ್ಲಿಸಬಲ್ಲವು. ಮಣಿಕಟ್ಟು ತಿರುವಿದೊಡನೆ ಬೀಳುವ ನಮ್ಮ ಹುಡುಗ ಇದೇ ಹಾದಿಯಲ್ಲಿ ಕೆಲವೇ ಹೆಜ್ಜೆ ಹಿಂದಿದ್ದಾನೆ.

ಚಾಕುವಿನ ದಾಳಿ ತಡೆಯುವ ಪಾಠಗಳಲ್ಲಿ ಇದು ಇನ್ನೂ ಸ್ಪಷ್ಟ. ತರಗತಿಯಲ್ಲಿ ದಾಳಿಕೋರ ಒಂದು ಹೆಜ್ಜೆ ಮುಂದಿಟ್ಟು, ಒಮ್ಮೆ ಚುಚ್ಚಿ, ಕೈಯನ್ನು ಹಾಗೆಯೇ ಚಾಚಿಕೊಂಡು ನಿಲ್ಲುತ್ತಾನೆ. ಆ ಚಾಚಿದ ಕೈಯನ್ನು ಹಿಡಿದು, ತಿರುಚಿ, ಚಾಕು ಕಸಿಯಲು ಮಾಸ್ಟರ್ ಕಲಿಸುತ್ತಾರೆ. ನಿಜದಲ್ಲಿ ಚುಚ್ಚುವವನು ಇನ್ನೊಂದು ಕೈಯಿಂದ ಅಂಗಿ ಹಿಡಿದುಕೊಂಡು, ಚುಚ್ಚಿದ ಕೈಯನ್ನು ಹಿಂದಕ್ಕೆಳೆದು ಮತ್ತೆ ಮತ್ತೆ ಇರಿಯುತ್ತಾನೆ. ಇದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಡ. ಹಳೆಯ ಬಿಳಿ ಬನಿಯನ್ನು ತೊಟ್ಟು, ಗೆಳೆಯನ ಕೈಗೆ ಕೆಂಪು ಮಾರ್ಕರ್ ಪೆನ್ ಕೊಟ್ಟು, ಹತ್ತು ಸೆಕೆಂಡು ಮನಬಂದಂತೆ ದಾಳಿ ಮಾಡು ಎಂದರಾಯಿತು. ಬನಿಯನ್ನಿನ ಮೇಲಿನ ಗೀಟುಗಳನ್ನು ಎಣಿಸಿದವರು ಚಾಕು ಕಸಿಯುವ ಪಾಠವನ್ನು ಬಿಟ್ಟು ಓಡುವ ಪಾಠವನ್ನು ಮೊದಲಿಗೆ ತರುತ್ತಾರೆ.

ಪರೀಕ್ಷೆಯನ್ನೇ ಕಲಿಕೆಯ ನಡುಮನೆಗೆ ತಂದವರಲ್ಲಿ ಜಿಗೊರೊ ಕಾನೊ ಪ್ರಮುಖರು. 1882ರಲ್ಲಿ ಟೋಕಿಯೊದ ಒಂದು ದೇವಾಲಯದ ಸಣ್ಣ ಕೋಣೆಯಲ್ಲಿ ಕೊಡೊಕಾನ್ ಆರಂಭಿಸಿದಾಗ ಅವರಿಗಿನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಹಳೆಯ ಜುಜುತ್ಸು ಪಂಥಗಳಿಂದ ಪಟ್ಟುಗಳನ್ನು ಆಯ್ದುಕೊಂಡ ಅವರು ಮಾಡಿದ ಕೆಲಸ ಮೇಲುನೋಟಕ್ಕೆ ಹಿಂಜರಿಕೆಯಂತೆ ಕಾಣುತ್ತದೆ. ಗುದ್ದು, ಒದೆತ, ಮಾರಕ ಹೊಡೆತಗಳನ್ನೆಲ್ಲ ಮೊದಲೇ ನಿಗದಿಯಾದ ಕಟಾ ಅಭ್ಯಾಸಕ್ಕೆ ಸೀಮಿತಗೊಳಿಸಿ, ಮುಕ್ತ ಸೆಣಸಿನ ರಂದೋರಿಯಲ್ಲಿ ಎಸೆತ, ಹಿಡಿತಗಳನ್ನಷ್ಟೇ ಉಳಿಸಿದರು. ಅಪಾಯವನ್ನು ತೆಗೆದದ್ದರಿಂದ ಪ್ರತಿರೋಧವನ್ನು ಪೂರ್ತಿಯಾಗಿ ಸೇರಿಸಲು ಸಾಧ್ಯವಾಯಿತು. ಪ್ರತಿದಿನ, ಪೂರ್ಣ ಬಲದಿಂದ, ಬೀಳಲೊಲ್ಲದ ಎದುರಾಳಿಯನ್ನು ಬೀಳಿಸಲು ಪ್ರಯತ್ನಿಸಿ ಬೆಳೆದ ಅವರ ಶಿಷ್ಯರು ಹಳೆಯ ಪಂಥಗಳವರ ವಿರುದ್ಧದ ಪಂದ್ಯಗಳಲ್ಲಿ ಹೆಸರು ಮಾಡಿದರು. ಸೌಮ್ಯ ಪಟ್ಟುಗಳನ್ನು ನಿಜವಾಗಿ ಅಭ್ಯಾಸ ಮಾಡಿದವನು ಮಾರಕ ಪಟ್ಟುಗಳನ್ನು ನಟಿಸಿ ಅಭ್ಯಾಸ ಮಾಡಿದವನಿಗಿಂತ ಮೇಲು ಎಂಬ ಅರಿವು ಅಲ್ಲಿಂದ ಗಟ್ಟಿಯಾಯಿತು.

ನಮ್ಮ ಗರಡಿ ಮನೆಗಳಿಗೆ ಇದು ಹೊಸ ವಿಷಯವೇನಲ್ಲ. ಪೈಲ್ವಾನನೊಬ್ಬ ಕೆಮ್ಮಣ್ಣಿನ ಮಟ್ಟಿಯಲ್ಲಿ ಇಳಿದು ಜೋಡಿಯೊಂದಿಗೆ ಸೆಣಸದೆ, ಬರೀ ದಂಡ ಬಸ್ಕಿ ಹೊಡೆದು ಉಸ್ತಾದ ಎನಿಸಿಕೊಂಡದ್ದಿಲ್ಲ. ಪಟ್ಟಿಗೆ ಪ್ರತಿಪಟ್ಟು, ಅದಕ್ಕೂ ಒಂದು ಬಿಡಿಸುವ ದಾರಿ ಹೀಗೆ ಕುಸ್ತಿಯ ಜ್ಞಾನವೆಲ್ಲ ವಾದ-ಪ್ರತಿವಾದದ ರೂಪದಲ್ಲೇ ಬೆಳೆದಿದೆ. ಮೈಸೂರಿನಲ್ಲೋ ಬೆಳಗಾವಿಯಲ್ಲೋ ಜೋಡಿ ಕುಸ್ತಿ ನೋಡಿ ಬೆಳೆದವರಿಗೆ ಮುಟ್ಟದೆ ಕೆಡವುವ ಗುರುವಿನ ಕಥೆಯನ್ನು ನಂಬಿಸುವುದು ಕಷ್ಟ.

ಇಷ್ಟಕ್ಕೇ ವಾದ ಮುಗಿದಿದ್ದರೆ ಎರಡನೆಯ ಪಾಳಯ ಎಂದೋ ಅಂಗಡಿ ಮುಚ್ಚಬೇಕಿತ್ತು. ಮುಚ್ಚಿಲ್ಲ, ಏಕೆಂದರೆ ಅವರ ಮಾತಿನಲ್ಲೂ ಹುರುಳಿದೆ.

ಪರೀಕ್ಷೆಗೆ ನಿಯಮ ಬೇಕು, ನಿಯಮ ಬಂದೊಡನೆ ಅದು ಪಟ್ಟನ್ನೇ ತಿದ್ದಲು ತೊಡಗುತ್ತದೆ. ಜೂಡೊ ಇದಕ್ಕೂ ಉದಾಹರಣೆ. 1964ರಲ್ಲಿ ಒಲಿಂಪಿಕ್ಸ್ ಸೇರಿದ ಈ ಕಲೆಯಲ್ಲಿ ಎದುರಾಳಿಯ ಕಾಲನ್ನು ಕೈಯಿಂದ ಹಿಡಿದು ಕೆಡವುವುದು ಎಲ್ಲರೂ ಬಲ್ಲ ಪಟ್ಟಾಗಿತ್ತು. 2010ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಅದರ ನೇರ ಪ್ರಯೋಗವನ್ನು ನಿಷೇಧಿಸಿತು, 2013ರಲ್ಲಿ ನಿಷೇಧ ಇನ್ನಷ್ಟು ಬಿಗಿಯಾಯಿತು. ಪಟ್ಟು ನಿಷ್ಪ್ರಯೋಜಕ ಎಂದಲ್ಲ, ಪಂದ್ಯಗಳ ಸ್ವರೂಪ ಕೆಡುತ್ತದೆ ಎಂದು. ಅದಾದ ಮೇಲೆ ಕಲಿತ ಹುಡುಗನಿಗೆ ಬೀದಿಯಲ್ಲಿ ಯಾರಾದರೂ ಕಾಲಿಗೆ ನುಗ್ಗಿದರೆ ಮೈ ತಾನಾಗಿ ಉತ್ತರ ಕೊಡುವುದು ಅನುಮಾನ. ಅವನು ಪರೀಕ್ಷೆಗೆ ಒಳಗಾಗಿದ್ದಾನೆ, ಸಂದೇಹವಿಲ್ಲ. ಯಾವ ಪರೀಕ್ಷೆಗೆ ಎಂಬುದೇ ಮಾತು. ನಿಯಮವೇ ಇಲ್ಲವೆಂದು ಜಾಹೀರಾತು ಮಾಡಿ 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲೂ ಕಚ್ಚುವುದು, ಕಣ್ಣಿಗೆ ಬೆರಳು ಹಾಕುವುದು ನಿಷಿದ್ಧವಾಗಿತ್ತು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ಕೂಡ ತಲೆಯಿಂದ ನೆತ್ತರು ಹನಿಸಿದ ಕ್ಷಣಕ್ಕೆ ನಿಂತುಬಿಡುತ್ತದೆ. ಕೊನೆಯವರೆಗೆ ಹೋಗುವ ಪರೀಕ್ಷೆಯನ್ನು ಯಾವ ನಾಗರಿಕ ಸಮಾಜವೂ ನಡೆಸಲಾರದು.

ಹಾಗಾದರೆ ನಿಷಿದ್ಧವಾದ ಮಾರಕ ತಂತ್ರಗಳು ಬೀದಿಯಲ್ಲಿ ಕೈಹಿಡಿಯುತ್ತವೆಯೇ? ಕಣ್ಣಿಗೆ ಬೆರಳು ಹಾಕಿದರೆ ಎಂಥವನೂ ಸೋಲುತ್ತಾನೆ ಎನ್ನುವುದು ಆತ್ಮರಕ್ಷಣಾ ತರಗತಿಗಳ ಹಳೆಯ ಭರವಸೆ. ಇದಕ್ಕೆ ಯಾರೂ ಬಯಸದ ಒಂದು ಪರೀಕ್ಷೆ 1995ರ ಏಪ್ರಿಲ್‌ನಲ್ಲಿ ಟೋಕಿಯೊದ ಬುಡೊಕಾನ್ ಸಭಾಂಗಣದಲ್ಲಿ ನಡೆದುಹೋಯಿತು. ಪಂದ್ಯವೊಂದರಲ್ಲಿ ಹಾಲೆಂಡಿನ ಗೆರಾರ್ಡ್ ಗೋರ್ಡೊ ನಿಯಮ ಮೀರಿ ಯೂಕಿ ನಕಾಯಿಯ ಕಣ್ಣಿಗೆ ಬೆರಳು ತುರುಕಿದ. ನಕಾಯಿ ಅವನಿಗಿಂತ ಬಹಳ ಸಣ್ಣ ಆಳು. ಬಲಗಣ್ಣಿನ ದೃಷ್ಟಿ ಶಾಶ್ವತವಾಗಿ ಹೋಯಿತು. ಆದರೂ ಆತ ಹೋರಾಟ ನಿಲ್ಲಿಸಲಿಲ್ಲ. ಗೋರ್ಡೊನ ಕಾಲನ್ನು ಲಾಕ್ ಹಾಕಿ ಆ ಪಂದ್ಯವನ್ನು ಗೆದ್ದ, ಅದೇ ದಿನ ಇನ್ನೊಬ್ಬನನ್ನೂ ಸೋಲಿಸಿ ಫೈನಲ್ ತಲುಪಿದ.

ಎರಡೂ ಪಾಳಯಗಳು ಈ ಘಟನೆಯನ್ನು ಅರ್ಧರ್ಧ ಹೇಳುತ್ತವೆ. ಹೊಡೆತ ಒಂದು ಜನ್ಮಕ್ಕಾಗುವಷ್ಟು ಹಾನಿ ಮಾಡಿತು, ಆದ್ದರಿಂದ ಇದನ್ನು ತರಗತಿಯಲ್ಲಿ ಪರೀಕ್ಷಿಸಲಾಗದು ಎಂಬ ಮಾತು ಅಕ್ಷರಶಃ ನಿಜ. ಅಷ್ಟು ಹಾನಿ ಮಾಡಿಯೂ ಅದು ಹೋರಾಟವನ್ನು ಮುಗಿಸಲಿಲ್ಲ, ಆದ್ದರಿಂದ ಇದೊಂದು ಗೊತ್ತಿದ್ದರೆ ಸಾಕು ಎಂಬ ಭರವಸೆ ಸುಳ್ಳು. ಅಂದು ಗೆಲ್ಲಿಸಿದ್ದು ಸಾವಿರ ಸಲ ಪ್ರತಿರೋಧದ ಎದುರು ತಿಕ್ಕಿ ನಯಗೊಳಿಸಿದ ಕಾಲಿನ ಲಾಕ್. ನಕಾಯಿಯಂಥ ಗಟ್ಟಿಗ ಅಪರೂಪ ಎಂದು ಒಪ್ಪೋಣ. ಬೀದಿಯಲ್ಲಿ ಕೈ ಹಾಕುವ ಪುಂಡ ಅಷ್ಟು ತಡೆದುಕೊಳ್ಳಲಾರ. ಆದರೆ ಓಡಾಡುವ ತಲೆಯಲ್ಲಿ ಕಣ್ಣನ್ನು ಹುಡುಕಿ ಮುಟ್ಟುವುದಕ್ಕೇ ಬೇಕಾದ ಸಮಯಜ್ಞಾನ ಮತ್ತೆ ಸೆಣಸಾಟದಿಂದಲೇ ಬರಬೇಕಲ್ಲ! ಈ ಸುತ್ತಿನಲ್ಲಿ ನನ್ನ ಒಲವು ಪರೀಕ್ಷೆಯ ಪರ.

ಮುಂದಿನ ಸುತ್ತಿನಲ್ಲಿ ಅಲ್ಲ. ಪರೀಕ್ಷೆಯ ಫಲಿತಾಂಶವೂ ಬೇಗನೆ ಮೂಢನಂಬಿಕೆಯಾಗುತ್ತದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಚಾಕು ಹಿಡಿದವನು ಎಷ್ಟು ದೂರವಿದ್ದರೆ ಅಪಾಯ ಎಂದು ಸರಳವಾಗಿ ಅಳೆದುನೋಡಿ 1983ರಲ್ಲಿ ಒಂದು ಲೇಖನ ಬರೆದರು. ಸಾಧಾರಣ ಮನುಷ್ಯ 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ, ಪಿಸ್ತೂಲು ಹಿರಿದು ಗುರಿಯಿಟ್ಟು ಹೊಡೆಯಲೂ ಅಷ್ಟೇ ಹೊತ್ತು ಬೇಕು ಎಂಬುದು ಅವರು ಕಂಡದ್ದು. ದೂರ ಕಾಯ್ದುಕೊಳ್ಳಿ, ಮರೆ ಹುಡುಕಿ ಎಂಬ ಎಚ್ಚರಿಕೆ ಅದರಲ್ಲಿತ್ತು. ಕೆಲವೇ ವರ್ಷಗಳಲ್ಲಿ ಅದು ‘21 ಅಡಿ ನಿಯಮ’ವಾಯಿತು. ಅಷ್ಟು ದೂರದೊಳಗೆ ಚಾಕು ಹಿಡಿದು ಬಂದವನಿಗೆ ಗುಂಡು ಹಾರಿಸಬಹುದು ಎಂಬ ಪರವಾನಗಿಯಂತೆ ಹಲವು ಪೊಲೀಸರು ಅದನ್ನು ಓದಿಕೊಂಡರು. ಟ್ಯೂಲರ್ ಅವರೇ ತಾವು ಹೇಳಿದ್ದು ಹಾಗಲ್ಲ ಎಂದು ತಿದ್ದಬೇಕಾಯಿತು. ಅಳತೆ ಸರಿಯಿತ್ತು, ಅದು ಯಾವ ಪ್ರಶ್ನೆಗೆ ಉತ್ತರ ಎಂಬುದು ಮಾತ್ರ ಮರೆತುಹೋಗಿತ್ತು.

ಜೈಲು ಅಧಿಕಾರಿಯಾಗಿ ದುಡಿದ ಬರಹಗಾರ ರೋರಿ ಮಿಲ್ಲರ್ ಇನ್ನೊಂದು ಕಡೆಯಿಂದ ಇದನ್ನೇ ಹೇಳುತ್ತಾರೆ: ವಿದ್ಯಾರ್ಥಿಗೆ ಗಾಯವಾಗದಂತೆ ರೂಪಿಸಿದ ಪ್ರತಿ ಅಭ್ಯಾಸದಲ್ಲೂ ಬೇಕೆಂದೇ ಇಟ್ಟ ಒಂದು ದೋಷ ಇದ್ದೇ ಇರುತ್ತದೆ, ಆ ದೋಷ ಯಾವುದೆಂದು ಕಲಿಸುವವನಿಗೂ ಕಲಿಯುವವನಿಗೂ ತಿಳಿದಿರಬೇಕು. ಸ್ಪಾರಿಂಗ್, ಅಂದರೆ ಅಭ್ಯಾಸದ ಸೆಣಸಾಟದ ಪ್ರಿಯರಿಗೂ ಈ ಮಾತು ತಾಗುತ್ತದೆ. ಸ್ಪಾರಿಂಗ್‌ನಲ್ಲಿ ಇಬ್ಬರೂ ಸಿದ್ಧರಾಗಿ ಎದುರುಬದುರು ನಿಲ್ಲುತ್ತಾರೆ, ಗಂಟೆ ಹೊಡೆಯುತ್ತದೆ, ತೂಕ ಸಮವಿರುತ್ತದೆ. ದಾಳಿಕೋರ ಬಯಸುವುದು ಇದರ ತದ್ವಿರುದ್ಧ. ಅವನಿಗೆ ಸಮಜೋಡಿ ಬೇಡ, ಬೇಟೆ ಬೇಕು.

ನಮ್ಮ ಚಿತ್ರದುರ್ಗದ ಓಬವ್ವನನ್ನೇ ನೋಡಿ. ಹೈದರಾಲಿಯ ಸೈನಿಕರು ಕಿಂಡಿಯ ಮೂಲಕ ನುಸುಳುವಾಗ ಒನಕೆ ಹಿಡಿದು ನಿಂತವಳು ಎಂದು ಜನ ನೆನೆಯುವ ಆ ಹೆಣ್ಣಿಗೆ ಕರಾಟೆಯ ಬೆಲ್ಟು ಇರಲಿಲ್ಲ. ಒಬ್ಬೊಬ್ಬನೇ, ಅದೂ ಬಗ್ಗಿಕೊಂಡು, ತೆವಳಿಕೊಂಡು ಬರಬೇಕಾದ ಇಕ್ಕಟ್ಟಿನ ಬಾಯಿಯಲ್ಲಿ ಅವಳು ನಿಂತಳು. ಕೈಯಲ್ಲಿ ದಿನವೂ ಬಳಸಿ ತೋಳಿಗೆ ಒಗ್ಗಿದ ಉಪಕರಣವಿತ್ತು. ಕಥೆ ಹೇಳುವವರು ಅವಳ ಶೌರ್ಯವನ್ನು ಹೊಗಳಿ ಸ್ಥಳದ ಆಯ್ಕೆಯನ್ನು ಬಿಟ್ಟುಬಿಡುತ್ತಾರೆ. ಬಯಲಿನಲ್ಲಿ ಸಿಕ್ಕಿದ್ದರೆ ಅದೇ ಒನಕೆ, ಅದೇ ಧೈರ್ಯ ಆ ಫಲ ಕೊಡುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕು ಎಂಬ ಬುದ್ಧಿಯನ್ನು ಸ್ಪಾರಿಂಗ್ ಕಲಿಸುವುದಿಲ್ಲ, ಕಟಾ ಕೂಡ ಕಲಿಸುವುದಿಲ್ಲ.

ಈ ಜಗಳ ನಮ್ಮ ಹೆಣ್ಣುಮಕ್ಕಳ ತರಬೇತಿಗೆ ಬಂದಾಗ ಬೇರೆಯೇ ತೂಕ ಪಡೆಯುತ್ತದೆ. ಸಮಗ್ರ ಶಿಕ್ಷಾ ಅಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ವಿದ್ಯಾರ್ಥಿನಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಯಿದೆ. ಕರ್ನಾಟಕದಲ್ಲಿ ವಸತಿಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗೆ ಓಬವ್ವನ ಹೆಸರಿನದೇ ತರಬೇತಿಯುಂಟು. ಮೂರು ತಿಂಗಳಲ್ಲಿ ಯಾರೂ ಹೋರಾಟಗಾರ್ತಿ ಆಗುವುದಿಲ್ಲ. ಇಲ್ಲಿ ಕಠಿಣ ಪರೀಕ್ಷೆ ಹಚ್ಚಿದರೆ, ಮೊದಲ ವಾರವೇ ತೂಕದ ಹುಡುಗನೊಬ್ಬನನ್ನು ಬಿಟ್ಟು ಬಿಡಿಸಿಕೋ ಎಂದರೆ, ಹುಡುಗಿ ಕಲಿಯುವುದು ಒಂದೇ ಪಾಠ: ನನ್ನಿಂದಾಗದು. ಬೀಳಲು ಒಪ್ಪಿದ ಜೋಡಿಯೊಂದಿಗೆ ಅಭ್ಯಾಸ ಮಾಡಿ ಬಂದ ಧೈರ್ಯ ಅರ್ಧ ಸುಳ್ಳಾದರೂ, ತಲೆಯೆತ್ತಿ ನಡೆಯುವ, ಜೋರಾಗಿ ಕೂಗುವ ಅಭ್ಯಾಸ ಕೊಟ್ಟರೆ ಅದಕ್ಕೆ ಬೆಲೆಯಿಲ್ಲವೇ ಎಂದು ಕೇಳುವ ತರಬೇತುದಾರರನ್ನು ಸುಲಭವಾಗಿ ತಳ್ಳಿಹಾಕಲಾಗದು. ಗಾಬರಿಯಲ್ಲಿ ಕಲ್ಲಾಗಿ ನಿಲ್ಲುವುದು ಅನೇಕರ ಅನುಭವ. ಆ ಕ್ಷಣಕ್ಕೆ ಬೇಕಾದದ್ದು ಸಂಶಯವಲ್ಲ, ಏನಾದರೂ ಒಂದು ಮಾಡುವ ಚಾಲನೆ. ಪ್ರತಿರೋಧಿಸಿದರೆ ಪೆಟ್ಟು ಜಾಸ್ತಿಯಾಗುತ್ತದೆ, ಸುಮ್ಮನಿರುವುದು ಲೇಸು ಎಂಬ ಹಳೆಯ ಬುದ್ಧಿವಾದವನ್ನೂ ಅಮೆರಿಕದಲ್ಲಿ ನಡೆದ ಹಲವು ಅಧ್ಯಯನಗಳು ಒಪ್ಪಿಲ್ಲ. ಕೂಗಿ, ಸೆಣಸಿ ಎದುರಿಸಿದವರಲ್ಲಿ ಅತ್ಯಾಚಾರ ಪೂರ್ಣಗೊಂಡ ಪ್ರಕರಣಗಳು ಕಡಿಮೆ ಎಂದೇ ಅವು ತೋರಿಸಿವೆ.

ಅಮೆರಿಕದಲ್ಲಿ 1970ರ ದಶಕದಲ್ಲಿ ಈ ಬಿಕ್ಕಟ್ಟಿಗೆ ಒಂದು ಮಧ್ಯದ ದಾರಿ ಹುಟ್ಟಿತು. ದಾಳಿಕೋರನ ಪಾತ್ರ ಮಾಡುವವನಿಗೆ ಮೈತುಂಬ ದಪ್ಪ ಪ್ಯಾಡು, ದೊಡ್ಡ ಹೆಲ್ಮೆಟ್ಟು ತೊಡಿಸಿ, ಕಲಿಯುವವಳಿಗೆ ಅವನನ್ನು ಪೂರ್ಣ ಬಲದಿಂದ ಹೊಡೆಯಲು ಬಿಡುವುದು. ಅವನು ಸುಮ್ಮನೆ ಬೀಳುವುದಿಲ್ಲ, ಬಯ್ಯುತ್ತಾನೆ, ಎಳೆದಾಡುತ್ತಾನೆ. ಸಾಕಷ್ಟು ಪೆಟ್ಟು ಬಿದ್ದ ಮೇಲಷ್ಟೇ ನಿಲ್ಲುತ್ತಾನೆ. ಪ್ರತಿರೋಧದ ಮಟ್ಟವನ್ನು ಕಲಿಯುವವಳ ಮಟ್ಟಕ್ಕೆ ತಕ್ಕಂತೆ ಏರಿಸಬಹುದು ಎಂಬುದೇ ಇದರ ಗುಣ. ಎಷ್ಟು ಪೆಟ್ಟಿಗೆ ಬೀಳಬೇಕು ಎಂದು ಪ್ಯಾಡು ತೊಟ್ಟವನೇ ತೀರ್ಮಾನಿಸುತ್ತಾನೆ ಎಂಬುದು ಇದರ ದೋಷ. ಖರ್ಚಿನದ್ದು ಬೇರೆ ಮಾತು.

ಆದರೆ ಎರಡೂ ಪಾಳಯಗಳು ತಮ್ಮ ತರಗತಿಯನ್ನು ಎಂದೂ ಒಡ್ಡದ ಪರೀಕ್ಷೆಯೊಂದಿದೆ: ತರಬೇತಿ ಪಡೆದವರ ಮೇಲೆ ಆಮೇಲೆ ನಿಜವಾಗಿ ದಾಳಿಗಳು ಕಡಿಮೆಯಾದವೇ? ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ಚಾರ್ಲೀನ್ ಸೆನ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹನ್ನೆರಡು ಗಂಟೆಗಳ ತರಬೇತಿ, ಇನ್ನೊಂದಕ್ಕೆ ಮಾಹಿತಿ ಪತ್ರಗಳನ್ನು ಕೊಟ್ಟರು. 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾಗುವ ಅಪಾಯ ಮಾಹಿತಿ ಪತ್ರದ ಗುಂಪಿನಲ್ಲಿ ಶೇ 9.8, ತರಬೇತಿಯ ಗುಂಪಿನಲ್ಲಿ ಶೇ 5.2. ಹೆಚ್ಚುಕಡಿಮೆ ಅರ್ಧ.

ಆ ಹನ್ನೆರಡು ಗಂಟೆಗಳಲ್ಲಿ ಇದ್ದದ್ದೇನು ಎಂಬುದೇ ಹೆಚ್ಚಿನ ವಿಷಯ. ಮೈಕೈ ಬಳಸುವ ಆತ್ಮರಕ್ಷಣೆ, ಟೊರಾಂಟೊದ ವೆನ್-ಡೊ ಪದ್ಧತಿಯದು, ಸುಮಾರು ಎರಡೇ ಗಂಟೆ. ಉಳಿದದ್ದೆಲ್ಲ ಪರಿಚಿತ ಗಂಡಸು ಯಾವ ನಡವಳಿಕೆಯಿಂದ ಅಪಾಯಕಾರಿಯಾಗುತ್ತಾನೆ ಎಂದು ಗುರುತಿಸುವುದು, ಅವನು ಗೆಳೆಯ, ಬೇಸರಪಟ್ಟಾನು ಎಂಬ ಮುಲಾಜನ್ನು ಮೀರಿ ಬೇಗ, ಗಟ್ಟಿಯಾಗಿ ಬೇಡ ಎನ್ನುವುದು, ತನಗೇನು ಬೇಕು ಏನು ಬೇಡ ಎಂದು ತನಗೇ ಸ್ಪಷ್ಟವಾಗುವುದು. ಪಟ್ಟಿನ ಶ್ರೇಷ್ಠತೆಯ ಬಗ್ಗೆ ನಡೆದ ಅಷ್ಟೂ ಜಗಳದ ನಡುವೆ, ಮುಲಾಜು ಮೀರುವ ಈ ಪಾಠಕ್ಕೆ ನಮ್ಮಲ್ಲಿ ಕರಾಟೆ ತರಗತಿಯ ವೇಳಾಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ನಮ್ಮ ದೇಶದ ಅಪರಾಧ ದಾಖಲೆಗಳು ಪ್ರತಿ ವರ್ಷ ಹೇಳುವುದೂ ಇದನ್ನೇ: ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ. ವೇದಿಕೆಯ ಮೇಲೆ ಹಿಂದಿನಿಂದ ಬಂದು ಕೈ ಹಿಡಿಯುವ ಅನಾಮಿಕ ಪುಂಡನ ಬದಲು ಚಿಕ್ಕಪ್ಪನೋ ಟ್ಯೂಷನ್ ಮೇಷ್ಟ್ರೋ ಬಂದರೆ ಡೆಮೊ ಏನಾದೀತು, ಯೋಚಿಸಿ.

ಕೆನಡಾದ ಅಂಕಿಯನ್ನೂ ಕಣ್ಣುಮುಚ್ಚಿ ಆಮದು ಮಾಡಿಕೊಳ್ಳುವಂತಿಲ್ಲ. ಅಲ್ಲಿದ್ದವರು 17ರಿಂದ 24 ವಯಸ್ಸಿನ ವಿಶ್ವವಿದ್ಯಾಲಯದ ಹುಡುಗಿಯರು, ಅವರೇ ತುಂಬಿಕೊಟ್ಟ ಪ್ರಶ್ನಾವಳಿಯೇ ಆಧಾರ. ಎರಡು ವರ್ಷದವರೆಗೆ ಪರಿಣಾಮ ಉಳಿಯಿತೆಂದು ಮುಂದಿನ ವರದಿ ಹೇಳಿತು. ಆದರೂ ರಾಯಚೂರಿನ ಹಾಸ್ಟೆಲಿನ ಏಳನೇ ತರಗತಿಯ ಹುಡುಗಿಗೆ ಅದು ಹೇಗೆ ಒಗ್ಗೀತು ಎಂಬುದಕ್ಕೆ ಉತ್ತರ ಅದರಲ್ಲಿಲ್ಲ. ದಾಳಿ ಮಾಡುವವನನ್ನು ಬಿಟ್ಟು ದಾಳಿಗೊಳಗಾಗುವವಳಿಗೇ ಎಲ್ಲ ಹೊಣೆ ಹೊರಿಸುತ್ತೀರಿ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ತರಬೇತಿ ಪಡೆದೂ ಅತ್ಯಾಚಾರದಿಂದ ತಪ್ಪಿಸಿಕೊಳ್ಳಲಾಗದ ಹೆಣ್ಣು ‘ಕಲಿತೂ ಏನು ಮಾಡಿದೆ’ ಎಂಬ ಮಾತು ಕೇಳಬೇಕಾದರೆ ತರಬೇತಿಯೇ ಶಾಪ. ಕೆನಡಾದವರು ತಮ್ಮ ಕಾರ್ಯಕ್ರಮದಲ್ಲಿ ತಪ್ಪು ಯಾವಾಗಲೂ ದಾಳಿಕೋರನದೇ ಎಂಬುದನ್ನು ಒತ್ತಿ ಹೇಳಿದ್ದು ಇದಕ್ಕೇ.

ಕಾನೂನು ಕೂಡ ಒಂದು ಪರೀಕ್ಷೆ ಇಟ್ಟಿದೆ, ತರಗತಿಗಳಲ್ಲಿ ಇದರ ಸುದ್ದಿ ಬರುವುದು ಕಡಿಮೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಸ್ವರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಕೊಡುವುದಿಲ್ಲ. ಜಗಳವೊಂದರಲ್ಲಿ ಪೆಪ್ಪರ್ ಸ್ಪ್ರೇ ಬಳಸಿದವರ ಮೇಲಿನ ಪ್ರಕರಣ ರದ್ದುಪಡಿಸಲು 2024ರಲ್ಲಿ ಕರ್ನಾಟಕ ಹೈಕೋರ್ಟ್ ನಿರಾಕರಿಸಿತು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಲ್ಲಿ ಸ್ವರಕ್ಷಣೆ ಎನ್ನಲಾಗದು ಎಂಬುದು ಅದರ ನಿಲುವು. ಬಿದ್ದವನ ಮೇಲೆ ಇನ್ನೂ ನಾಲ್ಕು ಒದೆತ ಕಲಿಸುವ ಮಾಸ್ಟರುಗಳು ಇದನ್ನು ಓದಬೇಕು.

ಪರೀಕ್ಷಿಸದ ಪಟ್ಟನ್ನು ರಕ್ಷಣೆಯೆಂದು ಮಾರುವುದು ತಪ್ಪು ಎಂಬಲ್ಲಿ ನಾನು ಮೊದಲ ಪಾಳಯದೊಂದಿಗಿದ್ದೇನೆ. ಅಖಾಡದ ಪರೀಕ್ಷೆಯೇ ಜೀವನದ ಪರೀಕ್ಷೆ ಎಂಬ ಅವರ ಠೇಂಕಾರದೊಂದಿಗಿಲ್ಲ. ಮಗಳನ್ನು ಸೇರಿಸುವ ಮುನ್ನ ಒಂದು ದಿನ ತರಗತಿಯಲ್ಲಿ ಕೂತು ನೋಡಿ. ಬೀಳಲೊಲ್ಲದ ಜೋಡಿಯೊಂದಿಗೆ ಅಭ್ಯಾಸ ಎಂದಾದರೂ ಇದೆಯೇ, ಪರಿಚಿತನಿಂದ ಅಪಾಯ ಬಂದರೆ ಏನು ಮಾಡಬೇಕೆಂಬ ಮಾತು ಬರುತ್ತದೆಯೇ, ‘ಈ ಪಟ್ಟು ಯಾವಾಗ ಕೆಲಸ ಮಾಡುವುದಿಲ್ಲ’ ಎಂದು ಕೇಳಿದರೆ ಮಾಸ್ಟರ್ ಉತ್ತರಿಸುತ್ತಾರೋ ಸಿಟ್ಟಾಗುತ್ತಾರೋ ಗಮನಿಸಿ. ಸರ್ಕಾರಕ್ಕೂ ಒಂದು ಕೋರಿಕೆ. ಎಲ್ಲ ಹಾಸ್ಟೆಲುಗಳಲ್ಲಿ ಒಂದೇ ದಿನ ತರಬೇತಿ ಶುರು ಮಾಡಲು ಹೇಗೂ ಆಗದು. ಈ ವರ್ಷ ಯಾವುದಕ್ಕೆ, ಮುಂದಿನ ವರ್ಷ ಯಾವುದಕ್ಕೆ ಎಂದು ಚೀಟಿ ಎತ್ತಿ ನಿರ್ಧರಿಸಿ, ಎರಡೂ ಕಡೆಯ ಹುಡುಗಿಯರನ್ನು ಹೆಸರಿಲ್ಲದ ಪ್ರಶ್ನಾವಳಿಯಲ್ಲಿ ಕೇಳಿ, ಬಂದ ಉತ್ತರವನ್ನು ಚೆನ್ನಾಗಿದ್ದರೂ ಕೆಟ್ಟದಾಗಿದ್ದರೂ ಪ್ರಕಟಿಸಿ.